ಹದಿಮೂರೋ ಹದಿನಾಲ್ಕೋ

ದುರ್ಗಿಗುಡಿಯ ಹಿಂದಿನ ಓಣಿಯಲ್ಲಿ
ನಮ್ಮ ಅಚ್ಚುಕೂಟ. ಮೊಳೆ ಜೋಡಿಸುವವ ನಾನು.
ದೀಪಾವಳಿ ಕಳೆದರೆ ಕ್ಯಾಲೆಂಡರಿನ ಕೆಲಸ:
ಮುನ್ನೂರ ಅರವತ್ತೈದು ಚೌಕ,
ಒಂದೊಂದರೊಳಗೂ ಹಬ್ಬವನ್ನೋ ಏಕಾದಶಿಯನ್ನೋ
ತುರುಕಬೇಕು.

ಆಗ ಬರುತ್ತಿದ್ದ ಜಗೀರ್ ಸಿಂಗ್.
ಲಿಂಗನಮಕ್ಕಿಯಲ್ಲಿ ಬುಲ್ಡೋಜರ್ ಓಡಿಸಿ,
ಅಣೆಕಟ್ಟು ಎದ್ದ ಮೇಲೂ ಊರಿಗೆ ಹೋಗದೆ
ಸಾಗರ ರಸ್ತೆಯಲ್ಲಿ ಲಾರಿ ಬಿಡಿಭಾಗದ
ಅಂಗಡಿ ಹಾಕಿದವ.
ಗ್ರೀಸಿನ ಬೆರಳನ್ನು ಏಪ್ರಿಲ್ಲಿನ ಮೇಲಿಟ್ಟು
ಕೇಳುತ್ತಿದ್ದ, ಅವನದೇ ಕನ್ನಡದಲ್ಲಿ:
"ಈ ಸಲ ನಮ್ಮ ಬೈಸಾಖಿ ಎಲ್ಲಿ ಕೂತಿದೆ?
ಹದಿಮೂರೋ, ಹದಿನಾಲ್ಕೋ?"

ನಾನು ಪಂಚಾಂಗ ಬಿಡಿಸುತ್ತಿದ್ದೆ.
ಮೇಷ ಸಂಕ್ರಮಣ, ಇಷ್ಟು ಗಳಿಗೆ, ಇಷ್ಟು ವಿಗಳಿಗೆ.
"ನೋಡು, ಘಟ್ಟದ ಕೆಳಗಿನವರ ಬಿಸುವಿಗೂ
ಇದೇ ಸೂರ್ಯ."
ಅವನು ತಲೆಯಾಡಿಸಿ, ಬೆಂಚಿನ ಮೇಲೆ ಕೂತು
ಬೇರೆಯೇ ಲೆಕ್ಕ ತೆಗೆಯುತ್ತಿದ್ದ:

"ಸಂವತ್ ಸಾವಿರದ ಏಳುನೂರ ಐವತ್ತಾರು, ವೈಶಾಖ ಒಂದು.
ಆನಂದಪುರ. ಒಂದು ಡೇರೆ. ಬಿಚ್ಚಿದ ಕತ್ತಿ.
ಒಂದು ತಲೆ ಬೇಕು ಎಂದರು ಗುರು.
ಒಬ್ಬೊಬ್ಬರಾಗಿ ಎದ್ದವರು ಐದು ಮಂದಿ.
ಆ ದಿನ ಇಂಗ್ಲಿಷರ ಕ್ಯಾಲೆಂಡರಿನಲ್ಲಿ
ಮಾರ್ಚ್ ಇನ್ನೂ ಮುಗಿದಿರಲಿಲ್ಲ, ಗೊತ್ತಾ?"

ಮಾರ್ಚೇ?
ಕೈಯಲ್ಲಿದ್ದ ಮೊಳೆ ಕೆಳಗಿಟ್ಟೆ.
ಅವರು ಆಮೇಲೆ ಹನ್ನೊಂದು ದಿನ ನುಂಗಿ
ತಮ್ಮ ಲೆಕ್ಕ ತಿದ್ದಿಕೊಂಡರಂತೆ.
ಉಳಿದದ್ದು ಸಂಕ್ರಮಣದ್ದೇ ಕಳ್ಳ ಹೆಜ್ಜೆ:
ಅರವತ್ತು ಎಪ್ಪತ್ತು ವರ್ಷಕ್ಕೊಂದು ದಿನ
ಮುಂದೆ ಸರಿಯುತ್ತದೆ,
ತುಂಗೆ ದಡ ಕೊರೆದ ಹಾಗೆ,
ಪಕ್ಕದಲ್ಲೇ ಬಟ್ಟೆ ಒಗೆಯುವವರಿಗೂ ತಿಳಿಯದೆ.

"ಅದಕ್ಕೂ ಮೊದಲು?"
"ಮೂರನೇ ಗುರುವಿನ ಕಾಲಕ್ಕೇ
ಜನ ಆ ದಿನ ಸೇರುತ್ತಿದ್ದರು.
ಅದಕ್ಕೂ ಮೊದಲು ಗೋಧಿ ಕೊಯ್ಲು.
ಗೋಧಿಗೂ ಮೊದಲು..."
ಹೆಂಚಿನ ಕಡೆ ಕೈ ತೋರಿಸಿ ಸುಮ್ಮನಾದ.

"ಮತ್ತೆ ನೀನು ಹುಟ್ಟಿದ್ದು?"
"ಯಾರಿಗೆ ಗೊತ್ತು."
ನನಗೂ ಗೊತ್ತಿಲ್ಲ. ಗಾಜನೂರಿನ ಮೇಷ್ಟ್ರು
ಬರೆದುಕೊಂಡದ್ದು ಜೂನ್ ಒಂದು.
ಅಮ್ಮನ ಪ್ರಕಾರ, ಹೊಳೆಯ ಮಂಟಪ ಮುಳುಗಿದ ಮಾರನೆಯ ದಿನ,
ಎಮ್ಮೆ ಕರು ಹಾಕಿದ ವಾರ.
ಹುಟ್ಟಿದ ದಿನವಿಲ್ಲದ ಇಬ್ಬರು
ಹಬ್ಬದ ಹುಟ್ಟಿದ ದಿನ ಹುಡುಕುತ್ತಿದ್ದೆವು.

ಒಂದು ವರ್ಷ ಅವಸರದಲ್ಲಿ
ತಪ್ಪು ಚೌಕಕ್ಕೆ ಹಾಕಿಬಿಟ್ಟೆ. ಐದು ಸಾವಿರ ಪ್ರತಿ.
ಬೈಯಲಿಲ್ಲ. ಎರಡೂ ದಿನ ಬಾಗಿಲು ಹಾಕಿ
ಎರಡೂ ದಿನ ಸ್ಟೀಲ್ ಡಬ್ಬಿಯಲ್ಲಿ
ಕಡಾಹ್ ಪ್ರಸಾದ ತಂದ, ತುಪ್ಪ ಸೋರುವುದು.
ಮಸಿ ಕೈಯಲ್ಲೇ ತಿಂದೆವು.
ಯಂತ್ರದ ಚೌಡಪ್ಪ ಕೇಳಿದ,
"ಹಬ್ಬ ನಿನ್ನೆಯದೋ, ಇವತ್ತಿನದೋ?"
"ನಿನ್ನ ಹೊಟ್ಟೆಯನ್ನು ಕೇಳು" ಎಂದ ಸಿಂಗ್.

ಆಮೇಲೆ ನಾನಕಶಾಹಿ ಎಂಬ ಹೊಸ ಲೆಕ್ಕ ಬಂತು,
ಹದಿನಾಲ್ಕಕ್ಕೇ ಗೂಟ.
ಮಗಳು ಸಿಮ್ರತ್ ಅಂಗಡಿಯ ಗೋಡೆಗೆ ಅಂಟಿಸಿದಳು.
"ಒಳ್ಳೆಯದೇ ಆಯಿತು" ಎಂದ ಅಪ್ಪ,
"ಆದರೆ ಸೂರ್ಯನಿಗೆ ಯಾರು ಹೇಳುತ್ತಾರೆ?"
ಮರುವರ್ಷವೂ ಬಂದ. ಅದೇ ಬೆರಳು. ಅದೇ ಪ್ರಶ್ನೆ.

ಎಪ್ಪತ್ತೊಂದಕ್ಕೆ ಹೋದ, ಅದೂ ಅಂದಾಜು.
ಶ್ರದ್ಧಾಂಜಲಿಯ ಮೊಳೆ ಜೋಡಿಸುತ್ತ ಕೂಡಿಸಿ ನೋಡಿದೆ:
ಗುಡ್ಡಗಳನ್ನೇ ದೂಡಿದವನ
ಇಡೀ ಆಯುಷ್ಯದಲ್ಲಿ ಹಬ್ಬ ಸರಿದದ್ದು
ಒಂದು ದಿನ.

ಅಚ್ಚುಕೂಟ ಮುಚ್ಚಿದಾಗ
ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿದರು.
ನಾಲ್ಕನ್ನು ಜೇಬಿಗೆ ಹಾಕಿಕೊಂಡೆ:
ಒಂದು, ಮೂರು; ಒಂದು, ನಾಲ್ಕು.
ಸೀಸದಲ್ಲಿ ತಾರೀಖುಗಳೆಲ್ಲ ಹಿಂದುಮುಂದು,
ಕಾಗದಕ್ಕೆ ಒತ್ತಿದ ಮೇಲೆಯೇ ನೆಟ್ಟಗಾಗುವುದು.
ಸಿಮ್ರತ್ ಗಲ್ಲಾಪೆಟ್ಟಿಗೆಯ ಮೇಲೆ ಸಾಲಾಗಿಟ್ಟು,
ಓದಲಾಗದೆ,
"ಇದರಲ್ಲಿ ಅಪ್ಪನದು ಯಾವುದು?" ಎಂದಳು.

ಹೊರಗೆ ಭದ್ರಾವತಿಯ ಲಾರಿಯೊಂದು
ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ ಹುಡುಗ
ಬದಿ ತಟ್ಟುತ್ತ ಕೂಗುತ್ತಿದ್ದ:
ಬರ್ಲಿ, ಬರ್ಲಿ,
ಇನ್ನೊಂಚೂರು...